ಇನ್ನೂರು ವ್ಯಾಟಿನ ಬಲ್ಬು

ಟೆಂಪೋದಿಂದ ಇಳಿಸಿದ ಸಾಮಾನಿನಲ್ಲಿ ಶೆಟ್ಟೆವ್ವಳ ಕಣ್ಣು ಮೊದಲು ಬಿದ್ದದ್ದು ಆ ಗೂಡಿನ ಮೇಲೆ. ಎದೆಮಟ್ಟದ ಎತ್ತರ, ಸುತ್ತಲೂ ತಂತಿಯ ಜಾಳಿಗೆ, ಒಳಗೊಂದು ದಾಸವಾಳದ ಕುಂಡ. ಕುಂಡದ ಟೊಂಗೆಗೆ ಬಾಲ ಸುತ್ತಿಕೊಂಡು ಗೇಣುದ್ದದ ಹಸಿರು ಪ್ರಾಣಿಯೊಂದು ಕೂತಿತ್ತು.

"ಏನದು?"

"ಗೋಸುಂಬಿ ರೀ ಅತ್ತಿ," ಎಂದಳು ಸೊಸೆ ಶೈಲಾ. ಮದುವೆಯಾಗಿ ಇನ್ನೂ ತಿಂಗಳಾಗಿರಲಿಲ್ಲ. ತವರಿಗೆ ಹೋಗಿ ಎರಡನೇ ಸಲ ಬರುತ್ತಿದ್ದಳು. "ಬಾಳ್ಯಾ ಅಂತ ಹೆಸರು."

"ನಮ್ಮ ಕಬ್ಬಿನ್ಯಾಗ ಬೇಕಾದಷ್ಟ ಅದಾವಲ್ಲ. ಯಮಕನಮರಡಿಯಿಂದ ಹೊತ್ತ ತರೂದ ಏನಿತ್ತು?"

"ಹೊಲದಾಗಿನವನ್ನ ಹಿಡದ ಸಾಕಿದ್ರ ಕೇಸ ಆಕ್ಕೈತ್ರಿ. ಇದು ಹೊರದೇಶದ ಜಾತಿ. ಕಾಗದ ಪತ್ರ ಎಲ್ಲಾ ಐತ್ರಿ."

ಕಟ್ಟೆಯ ಮೇಲೆ ಕೂತಿದ್ದ ಹಣಮವ್ವ, ಶೆಟ್ಟೆವ್ವಳ ಅತ್ತೆ, ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕಡೆಗೆ ಸರಿಸಿದಳು. "ಗೋಸುಂಬಿಗೂ ಕಾಗದ ಪತ್ರ. ನಮ್ಮ ಹೊಲದ ಪಹಣಿ ಉತಾರನ ಇನ್ನೂ ಸರಿ ಆಗಿಲ್ಲ."

ಶೈಲಾ ಪಶುವೈದ್ಯದ ಡಿಪ್ಲೊಮಾ ಮುಗಿಸಿ ಎರಡು ವರ್ಷ ಒಬ್ಬ ಡಾಕ್ಟರ ಕೈಕೆಳಗೆ ದುಡಿದವಳು. ಅಲ್ಲಿಗೆ ಬರುತ್ತಿದ್ದ ಒಂದು ಕುಟುಂಬ ಊರು ಬಿಡುವಾಗ ಬಾಳ್ಯಾನನ್ನು ಅವಳಿಗೆ ಕೊಟ್ಟು ಹೋಗಿತ್ತು. ಮದುವೆಗೆ ಮುಂಚೆಯೇ ಅಶೋಕನಿಗೆ ಅವಳು ಎಲ್ಲ ಹೇಳಿದ್ದಳು. ಅವನು ಒಪ್ಪಿದ್ದ. ಅವ್ವನಿಗೆ ಹೇಳುವುದೊಂದೇ ಬಾಕಿ ಇತ್ತು, ಅದು ಇವತ್ತಿನವರೆಗೂ ಬಾಕಿಯೇ ಉಳಿದಿತ್ತು. ಈಗ ಅವನು ಟೆಂಪೋದ ಹಗ್ಗ ಬಿಚ್ಚುವುದರಲ್ಲಿ ಬಹಳ ಮಗ್ನನಾಗಿದ್ದ.

ಶೆಟ್ಟೆವ್ವ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು. "ಜ್ವಾಳದ ಚೀಲ ಇಟ್ಟ ಖೋಲಿಯಾಗ ಇಡು. ಒಂದ ಮಾತ ನೆನಪಿರಲಿ. ಹೊಸಾ ಸೊಸಿ ತಂದ ಜೀವ ಮನ್ಯಾಗ ಸಾಯಬಾರದು. ಮಂದಿ ನಿನಗ ಅಂತಾರ, ನನಗ ಅಲ್ಲ. ಅದರ ತ್ರಾಣ ಕಮ್ಮಿ ಆತು ಅಂತ ಕಂಡ್ರ, ಅವತ್ತ ತವರಿಗೆ ಕಳಸು."

ಅದು ಡಿಸೆಂಬರಿನ ಚಳಿ. ಕುಲಗೋಡದ ಹೊರಗೆ, ಕಬ್ಬಿನ ನಡುವಿನ ಆ ತೋಟದ ಮನೆಯಲ್ಲಿ ಬೆಳಗಿನ ಎಂಟರವರೆಗೂ ಬಾಯಿಂದ ಹೊಗೆ ಬರುತ್ತಿತ್ತು. ಬಾಳ್ಯಾ ಮೂರು ದಿನ ಏನೂ ತಿನ್ನಲಿಲ್ಲ. ಹಸಿರು ಮೈ ಕಂದಾಗಿ, ಕಣ್ಣು ಒಳಗೆ ಹೋಯಿತು. ತವರಿನಲ್ಲಿದ್ದ ಅವನ ದೀಪಗಳೆರಡೂ ಟೆಂಪೋದಲ್ಲಿ ಒಡೆದು ಬಂದಿದ್ದವು.

"ಎರಡ ದೀಪ ಬೇಕ್ರಿ," ಎಂದು ಶೈಲಾ ಊಟದ ಹೊತ್ತಿಗೆ ಹೇಳಿದಳು. "ಒಂದು ಮೈ ಕಾಯಿಸಿಕೊಳ್ಳಾಕ. ಒಂದು ಎಲುಬಿಗೆ, ಅದು ಬಿಸಲಿನಂಥಾ ಬೆಳಕ ಕೊಡು ಟ್ಯೂಬು. ಅದನ್ನ ಪಾರ್ಸಲ್ ತರಸಬೇಕು."

"ಬಿಸಲ ಹೊರಗ ಬಿದ್ದೈತಲ್ಲ, ಫುಕಟ," ಎಂದಳು ಶೆಟ್ಟೆವ್ವ ರೊಟ್ಟಿ ಹಾಕುತ್ತ.

"ಹತ್ತರ ಮ್ಯಾಲ ಹೊರಗ ಇಡ್ತೇನ್ರಿ. ಆದ್ರ ಗಾಳಿ ಥಂಡಿ ಐತಿ. ಬೆಕ್ಕ ಬ್ಯಾರೆ ಸುತ್ತ ಹಾಕತೈತಿ."

"ರಾತ್ರಿ?" ಎಂದು ಕೇಳಿದ ಮಾವ ಲಗಮಪ್ಪ. ಕುರಿ ಕಾಯುವ ಮನುಷ್ಯ, ಮಾತು ಕಡಿಮೆ.

"ರಾತ್ರಿ ದೀಪ ಬ್ಯಾಡ್ರಿ ಮಾವಾರ. ಕತ್ತಲ ಬೇಕು. ಗಾಳಿ ಒಂದು ಹೊಡಿಬಾರದು."

ಲಗಮಪ್ಪ ರೊಟ್ಟಿ ಮುಗಿಸಿ ಎದ್ದು ತನ್ನ ಹಳೆಯ ಕಂಬಳಿಯನ್ನು ಗೂಡಿನ ಮೂರು ಕಡೆಗೆ ಕಟ್ಟಿ ಬಂದ. ಶೆಟ್ಟೆವ್ವ ತಿರುಗಿ ಬಂದವನಿಗೆ ಮಜ್ಜಿಗೆ ಹಾಕುವುದನ್ನು ಮರೆತಳು.

ಭಾನುವಾರ ಗಂಡ ಹೆಂಡತಿ ಗೋಕಾಕದ ಪ್ಯಾಟಿಗೆ ಹೋದರು. ಲೈಟಿನ ಸಾಮಾನಿನ ಅಂಗಡಿಯ ಕೇದಾರಿ ಹೊಸ ಬಲ್ಬುಗಳನ್ನು ಸಾಲಾಗಿ ಇಟ್ಟ.

"ಕೈಯಾಗ ಹಿಡದ್ರೂ ಬಿಸಿ ಆಗೂದಿಲ್ಲ. ಎರಡ ವರ್ಷ ಗ್ಯಾರಂಟಿ."

"ನಮಗ ಬಿಸಿ ಆಗೂದ ಬೇಕ್ರಿ," ಎಂದಳು ಶೈಲಾ. "ಒಳಗ ತಂತಿ ಇರ್ತಿತ್ತಲ್ಲ, ಹಳೇದು."

"ಎಲ್ಲಾರೂ ಬಿಸಿ ಬ್ಯಾಡ ಅಂತ ಬರ್ತಾರ. ಕೋಳಿಮರಿಗೇನ್ರಿ?"

"ಗೋಸುಂಬಿಗೆ," ಎಂದ ಅಶೋಕ, ಬಾಜೂ ನಿಂತವರಿಗೆ ಕೇಳಿಸದಂತೆ.

ಕೇದಾರಿ ಇಬ್ಬರನ್ನೂ ನೋಡಿದ. "ಹೊಸಾ ಲಗ್ನೇನು?"

"ಹೌದ್ರಿ."

"ಹಂಗಾರ ಏನ ಕೇಳಿದ್ರೂ ಕೊಡಸಬೇಕ ಬಿಡ್ರಿ." ಅಟ್ಟದ ಮೇಲಿಂದ ದೂಳು ಹಿಡಿದ ಪೆಟ್ಟಿಗೆ ಇಳಿಸಿ, ಕೋಳಿ ಸಾಕುವವರಿಗೆಂದು ಇಟ್ಟಿದ್ದ ಬಲ್ಬು ತೆಗೆದ. ಅರವತ್ತು, ನೂರು, ಇನ್ನೂರು ವ್ಯಾಟು. "ನನ್ನ ಕೇಳಿದ್ರ ನೂರು ಸಾಕು. ಅಷ್ಟ ಸಣ್ಣ ಪ್ರಾಣಿಗೆ ಇನ್ನೂರ ಯಾಕ್ರಿ? ಆದ್ರೂ ಮೂರೂ ಒಯ್ಯರಿ, ಬ್ಯಾಡಾದ್ದ ತಿರುಗಿ ಕೊಡ್ರಿ. ಹೋಲ್ಡರ್ ಮಾತ್ರ ಪಿಂಗಾಣಿದು ಹಾಕ್ರಿ, ಪ್ಲಾಸ್ಟಿಕ್ ಕರಗತೈತಿ."

ಮರುದಿನ ಸೋಮವಾರದಿಂದ ಶೈಲಾ ಒಂದೊಂದೇ ಬಲ್ಬು ಹಾಕಿ ನೋಡಿದಳು. ಗೂಡಿನ ಮೇಲಿನ ಜಾಳಿಗೆಯ ಹೊರಗೆ ತೊಲೆಯಿಂದ ಬಲ್ಬು ತೂಗುಬಿಟ್ಟು, ಒಳಗೆ ಅದರಿಂದ ಒಂದೂವರೆ ಗೇಣು ಕೆಳಗೆ ಟೊಂಗೆ ಕಟ್ಟಿ, ಟೊಂಗೆಯ ಮೇಲೆ ಥರ್ಮಾಮೀಟರ್ ಇಟ್ಟಳು. ಅರವತ್ತರದು ಇಪ್ಪತ್ತೊಂದು ಡಿಗ್ರಿಗೆ ನಿಂತಿತು. ನೂರರದು ಇಪ್ಪತ್ತೈದು. ಇನ್ನೂರರದು ಮೂವತ್ತೆರಡು. ಅವಳಿಗೆ ಬೇಕಾದದ್ದು ಅದೇ.

"ನೂರು ಸಾಕಂತ. ಕೇದಾರಿಗೆ ಏನ ಗೊತ್ತು," ಎಂದಳು ಗಂಡನಿಗೆ.

"ಅಂವ ಬಲ್ಬ ಮಾರಾಂವ. ಗೋಸುಂಬಿ ಸಾಕಿಲ್ಲಲ್ಲ," ಎಂದ ಅಶೋಕ ಪಂಪಿನ ಕಡೆಗೆ ಹೋಗುತ್ತ. ಆ ವಾರ ಹಗಲು ನೀರು ಹಾಯಿಸುವ ಪಾಳಿ. ಸುತ್ತಲಿನ ತೋಟಗಳ ಪಂಪುಗಳೆಲ್ಲ ಬೆಳಗಿನಿಂದ ಗುಂಯ್ ಎನ್ನುತ್ತಿದ್ದವು.

ಬುಧವಾರ ಬಾಳ್ಯಾ ದೀಪದ ಕೆಳಗೆ ಹತ್ತಿ ಕೂತ. ಗುರುವಾರ ಲಗಮಪ್ಪ ರುಮಾಲಿನ ಗಂಟಿನಲ್ಲಿ ಕಟ್ಟಿ ತಂದ ಮಿಡತೆಯೊಂದನ್ನು ಗೇಣು ದೂರದಿಂದ ನಾಲಗೆ ಹಾಕಿ ಎಳೆದುಕೊಂಡ. ಹಣಮವ್ವ ತನ್ನ ಚಾಪೆಯನ್ನೇ ಆ ಕೋಣೆಯ ಬಾಗಿಲಿಗೆ ತಂದು ಹಾಕಿಕೊಂಡಳು.

"ಒಂದ ಕಣ್ಣು ನನ್ನ ಮ್ಯಾಲ, ಒಂದ ಕಣ್ಣು ಮಿಡಚಿ ಮ್ಯಾಲ. ನಮ್ಮ ಬೀಗತಿ ಇದ್ದಂಗ ಐತಿ."

ಶನಿವಾರ ಶೆಟ್ಟೆವ್ವ ಜೋಳ ತೆಗೆಯಲು ಒಳಗೆ ಬಂದವಳು ಗೂಡಿನ ಕಡೆ ಮುಖ ತಿರುಗಿಸದೆ ಕೇಳಿದಳು, "ತಿಂತೇನು?"

"ಐದ ತಿಂದಾನ್ರಿ ಅತ್ತಿ."

"ಹ್ಞೂಂ," ಎಂದು ಪುಟ್ಟಿ ಎತ್ತಿಕೊಂಡು ಹೋದಳು. ಆ ದಿನ ಶೈಲಾ ಅಡುಗೆ ಮಾಡುತ್ತ ಹಾಡು ಗುನುಗಿದ್ದನ್ನು ಎಲ್ಲರೂ ಕೇಳಿದರು.

ಸೋಮವಾರ ಟ್ಯೂಬಿನ ಪಾರ್ಸಲ್ ಮೂಡಲಗಿಗೆ ಬಂದಿದೆಯೆಂದು ಫೋನ್ ಬಂತು. ಶೈಲಾ ಏಳಕ್ಕೆಲ್ಲ ದೀಪ ಹಚ್ಚಿ, ಗಂಡನ ಬೈಕಿನ ಹಿಂದೆ ಕೂತು ಹೋದಳು. ಲಗಮಪ್ಪ ಕುರಿ ಹೊಡೆದುಕೊಂಡು ಕಲ್ಲೋಳಿ ಕಡೆಗೆ ಹೋಗಿದ್ದ, ವಾರದ ಮೇಲೆ ಬರುವವನು. ಮನೆಯಲ್ಲಿ ಉಳಿದವರು ಹಣಮವ್ವ, ಶೆಟ್ಟೆವ್ವ ಇಬ್ಬರೇ.

ಮಧ್ಯಾಹ್ನ ಒಂದಕ್ಕೆ ಟ್ಯೂಬನ್ನು ಮಗುವಿನಂತೆ ಎದೆಗೆ ಹಿಡಿದುಕೊಂಡು ಬಂದ ಶೈಲಾ ಕೋಣೆಯ ಬಾಗಿಲಲ್ಲೇ ನಿಂತಳು. ದೀಪ ಆರಿತ್ತು. ಸುಟ್ಟ ಕೂದಲಿನಂಥ ವಾಸನೆ ಇನ್ನೂ ಹೋಗಿರಲಿಲ್ಲ. ಬಾಳ್ಯಾ ಗೂಡಿನ ತಳದಲ್ಲಿ ಬಿದ್ದಿದ್ದ. ಬೆನ್ನಿನ ಏಣಿನ ಮೇಲೆ ಎರಡು ಬೆರಳಿನಗಲ ಕರಿ ಬಿದ್ದಿತ್ತು.

"ದೀಪ ಯಾರ ಆರಿಸಿದ್ರಿ?"

"ನಾನ," ಎಂದಳು ಶೆಟ್ಟೆವ್ವ ಅಡುಗೆಮನೆಯಿಂದ. "ದೊಪ್ಪಂತ ಬಿದ್ದ ಸಪ್ಪಳ ಆತು. ಬಂದ ನೋಡಿ ಆರಿಸಿದೆ."

"ಆರ ದಿನ ಇದ ದೀಪ, ಇದ ಟೊಂಗಿ. ಏನೂ ಆಗಿದ್ದಿಲ್ಲ. ಇವತ್ತ ಯಾರೋ ದೀಪ ತಗ್ಗಿಸ್ಯಾರ."

"ಯಾರೋ ಅಂದ್ರ?"

ಶೈಲಾ ಮೇಲೆ ನೋಡಿದಳು. ನಿನ್ನೆ ತೊಲೆಯ ಮೇಲಿದ್ದ ಜೇಡರ ಬಲೆ ಇವತ್ತು ಇರಲಿಲ್ಲ. "ಜಾಡ ಹೊಡದೀರೇನ್ರಿ ಇಲ್ಲಿ?"

"ಹೊಡದೇನಿ. ನನ್ನ ಮನಿ, ನಾ ಜಾಡ ಹೊಡಿಯಾಕ ಯಾರನ್ನ ಕೇಳಬೇಕು?"

"ನಿಮಗ ಅದು ಮೊದಲ ದಿನದಿಂದ ಬ್ಯಾಡಾಗಿತ್ರಿ. ಬ್ಯಾಡ ಅಂದಿದ್ರ ನಾನ ಕಳಸ್ತಿದ್ದೆ. ಹಿಂಗ ಸುಡೂದ ಬೇಕಾಗಿದ್ದಿಲ್ಲ."

ಅಶೋಕ ಬೈಕಿನ ಕೀಲಿ ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತಿದ್ದ. ಅವನಿಗೆ ಒಳಗೆ ಬರುವುದೋ, ತಿರುಗಿ ಹೋಗುವುದೋ ತಿಳಿಯಲಿಲ್ಲ.

ಶೆಟ್ಟೆವ್ವ ಕೈಗೆ ಹತ್ತಿದ ಹಿಟ್ಟನ್ನು ಕೊಡವುತ್ತ ಬಾಗಿಲಿಗೆ ಬಂದಳು. ದನಿ ಏರಲಿಲ್ಲ. "ಮೂವತ್ತ ವರ್ಷದಾಗ ಎಷ್ಟ ಕುರಿಮರಿ ಈ ಕೈಯಾಗ ಬದುಕ್ಯಾವ ಕೇಳು ನಿಮ್ಮ ಮಾವನ್ನ. ಮೂಕ ಜೀವಾ ಸುಡು ಹೆಂಗಸ ನಾನು?"

"ಅವ್ವಾ, ಆಕಿ ಸಿಟ್ಟಿನ್ಯಾಗ..." ಎಂದ ಅಶೋಕ.

"ನೀ ಸುಮ್ನಿರು. ಬಾಯಿ ಬಿಡಬೇಕಾದಾಗ ಬಿಡಲಿಲ್ಲ ನೀ."

ಅಂದಿನಿಂದ ಆ ಮನೆಯಲ್ಲಿ ಎರಡು ಸಲ ಒಲೆ ಹೊತ್ತಿತು. ಶೈಲಾ ಮಾಡಿದ ಪಲ್ಯವನ್ನು ಶೆಟ್ಟೆವ್ವ ಮುಟ್ಟಲಿಲ್ಲ. ಹೊತ್ತು ಏರಿದ ಮೇಲೆ ತನಗೂ ಹಣಮವ್ವಳಿಗೂ ಬೇರೆ ನಾಲ್ಕು ರೊಟ್ಟಿ ಬಡಿದುಕೊಂಡು ಶೇಂಗಾ ಹಿಂಡಿ ಹಚ್ಚಿ ತಿಂದಳು. ಹಣಮವ್ವ ಇಬ್ಬರ ಅಡುಗೆಯನ್ನೂ ತಿಂದಳು.

ಶೈಲಾ ಗಾಯಕ್ಕೆ ಮುಲಾಮು ಹಚ್ಚಿದಳು, ಪಿಚಕಾರಿಯಲ್ಲಿ ಹನಿ ಹನಿ ನೀರು ಕುಡಿಸಿದಳು. ಹೊಸ ಟ್ಯೂಬು ಹಾಕಿದಳು. ಇನ್ನೂರರ ಬಲ್ಬು ತೆಗೆದು ಅಂಜುತ್ತ ಅರವತ್ತರದನ್ನು ಹಾಕಿದಳು. ಥರ್ಮಾಮೀಟರ್ ಮೂವತ್ತೊಂದು ತೋರಿಸಿತು. ಹೋದ ವಾರ ಇದೇ ಬಲ್ಬು ಇಪ್ಪತ್ತೊಂದಕ್ಕೆ ನಿಂತದ್ದು ಅವಳಿಗೆ ನೆನಪಾಗಲಿಲ್ಲ. ಬಾಳ್ಯಾ ಉಸಿರಾಡುವುದನ್ನೇ ನೋಡುತ್ತ ಕೂತಿದ್ದಳು.

ಬುಧವಾರ ಬೆಳಿಗ್ಗೆ ಶೈಲಾ ಬಾವಿಯ ಕಡೆ ಬಟ್ಟೆ ಒಗೆಯಲು ಹೋಗಿದ್ದಾಗ, ಅಡುಗೆಮನೆಯ ಬಲ್ಬು ಟಪ್ಪೆಂದು ಒಡೆದು ಗಾಜು ಹಿಟ್ಟಿನ ಪರಾತದ ಪಕ್ಕಕ್ಕೆ ಬಿತ್ತು. ಶೆಟ್ಟೆವ್ವ ತಲೆ ಎತ್ತಿ ಮುರಿದ ಬುಡವನ್ನು ನೋಡಿದಳು. ಹೊರಗೆ ಕಿವಿಗೊಟ್ಟಳು. ಒಂದು ಪಂಪಿನ ಸದ್ದೂ ಇರಲಿಲ್ಲ. ಅಶೋಕ ರಾತ್ರಿಯೆಲ್ಲ ನೀರು ಹಾಯಿಸಿ ಬಂದು ಪಡಸಾಲೆಯಲ್ಲಿ ಮಲಗಿದ್ದ.

"ರಾತ್ರಿ ಪಾಳಿ ಬಿದ್ದೈತಿ," ಎಂದಳು ತನ್ನಷ್ಟಕ್ಕೆ.

"ಸೋಮವಾರದಿಂದ ಬಿದ್ದೈತಿ," ಎಂದಳು ಹಣಮವ್ವ. "ಪಾಳಿ ಬದ್ಲಾದಾಗೊಮ್ಮೆ ಒಂದ ಬಲ್ಬ ಹೋಗೂದ ಇದ್ದದ್ದ ಅಲ್ಲ."

ಆ ಕಡೆಯ ತೋಟದ ಮನೆಗಳಿಗೆ ಇದು ಉಸಿರಾಟದಷ್ಟು ರೂಢಿ. ಒಂದು ವಾರ ಹಗಲು, ಒಂದು ವಾರ ರಾತ್ರಿ ಪಂಪಿಗೆ ಕರೆಂಟು. ಎಲ್ಲರ ಪಂಪು ಒಟ್ಟಿಗೆ ಎಳೆಯುವಾಗ ಮನೆಯ ದೀಪ ಕೆಂಪಗೆ ಮಿಣಮಿಣ ಎನ್ನುತ್ತದೆ. ಪಂಪು ನಿಂತ ಹೊತ್ತಿನಲ್ಲಿ ಅದೇ ದೀಪ ಕಣ್ಣು ಕುಕ್ಕುವಂತೆ ಉರಿಯುತ್ತದೆ. ಇದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಹೆದ್ದಾರಿಯ ಮೇಲಿನ ಊರಲ್ಲಿ ಬೆಳೆದ ಶೈಲಾಳಿಗೂ ಯಾರೂ ಹೇಳಿರಲಿಲ್ಲ. ಪಂಪು ಓಡುವ ವಾರದಲ್ಲಿ ಅಳೆದು ಆರಿಸಿದ ಇನ್ನೂರರ ಬಲ್ಬು, ಪಂಪು ನಿಂತ ಸೋಮವಾರ ಎರಡು ಪಟ್ಟು ಕಾದಿತ್ತು.

ಹಣಮವ್ವಳೂ ಅಷ್ಟರಲ್ಲಿ ಲೆಕ್ಕ ಹಾಕಿದ್ದಳು. "ಹೇಳ ಆ ಹುಡುಗಿಗೆ. ಪಾಪ, ತನ್ನ ಕೈಯಾರೆ ಆರಿಸಿದ್ದ ಬಲ್ಬ ಅದು."

"ನಾ ಯಾಕ ಹೇಳ್ಲಿ? ಸುಟ್ಟಾಕಿ ನಾನಲ್ಲೇನು?"

"ಹಟ ಮಾಡಬ್ಯಾಡ ಶೆಟ್ಟೆವ್ವ."

"ನೀವು ಬಾಯಿ ಬಿಟ್ರ ನನ್ನ ಆಣಿ ಐತಿ," ಎಂದು ಶೆಟ್ಟೆವ್ವ ಗಾಜು ಗುಡಿಸಿದಳು.

ಶುಕ್ರವಾರ ಶೈಲಾ ಅಪ್ಪನಿಗೆ ಫೋನ್ ಮಾಡಿದಳು. ಮಾತು ಗೋಡೆಯ ಈಚೆಗೂ ಕೇಳಿಸಿತು. "ಗಾಡಿ ತುಗೊಂಡ ಬಾ ಅಪ್ಪಾ. ಬಾಳ್ಯಾನ್ನ ಅಷ್ಟ ಅಲ್ಲ, ನನ್ನೂ ಕರಕೊಂಡ ಹೋಗು. ಎಷ್ಟ ದಿನಕ್ಕ ಅಂತ ಕೇಳಬ್ಯಾಡ."

ಅಶೋಕ ಅಂದು ಸಂಜೆ ಅವಳ ಎದುರು ಕೂತ. "ಅವ್ವ ಹಂಗ ಮಾಡಾಕಿ ಅಲ್ಲ, ಶೈಲಾ."

"ಹಂಗಾರ ದೀಪ ತಾನ ಇಳದ ಬಂತೇನು? ನೀವು ಒಮ್ಮೆರ ಅವರನ್ನ ಕೇಳಿದ್ರೇನ್ರಿ?"

ಅವನು ಕೇಳಿರಲಿಲ್ಲ. ಇಬ್ಬರಲ್ಲಿ ಯಾರನ್ನೂ ಏನೂ ಕೇಳದಿರುವುದೇ ಸಮಾಧಾನ ಎಂದು ಅವನು ತಿಳಿದಿದ್ದ. ಮೇಲಾಗಿ ರಾತ್ರಿ ನೀರು, ಹಗಲು ನಿದ್ದೆ.

ಭಾನುವಾರ ಹನ್ನೊಂದಕ್ಕೆ ಶೈಲಾಳ ಅಪ್ಪ ಈಶ್ವರ ಟೆಂಪೋ ತಂದ. ಯಮಕನಮರಡಿಯಲ್ಲಿ ಲಾರಿಗಳ ವಾಯರಿಂಗ್ ಮಾಡುವವನು. ಅವನ ಬೆನ್ನಿಗೇ ಲಗಮಪ್ಪನೂ ಕುರಿಗಳೊಂದಿಗೆ ತಿರುಗಿ ಬಂದ. ಶೆಟ್ಟೆವ್ವ ಬೀಗನಿಗೆ ಕಾಲಿಗೆ ನೀರು ಕೊಟ್ಟಳು. ಬದನೆಕಾಯಿ ಎಣಗಾಯಿ, ಬಿಸಿ ರೊಟ್ಟಿ, ಮೊಸರು. ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಶೈಲಾಳ ಟ್ರಂಕು ಆಗಲೇ ಕಟ್ಟೆಯ ಮೇಲಿತ್ತು.

ಎರಡು ರೊಟ್ಟಿ ಮುಗಿಸಿ ಈಶ್ವರ ಕೈ ತಡೆದ. "ಅಕ್ಕಾರ, ನನ್ನ ಮಗಳ ಏನ ತಪ್ಪ ಮಾಡ್ಯಾಳ ಹೇಳ್ರಿ. ಒಂದ ಪ್ರಾಣಿ ಸಂಬಂಧ ಮನಿ ಬಿಡೂದು ನನಗ ತಿಳಿಯಾಕಿಲ್ಲ."

"ತಪ್ಪ ಆಕಿದಲ್ರಿ ಬೀಗರ, ನಂದಂತ. ಆಕಿನ್ನ ಕೇಳ್ರಿ."

ಎಲ್ಲರೂ ಶೈಲಾಳ ಕಡೆ ನೋಡಿದರು. "ದೀಪ ತಗ್ಗಿಸಿ ಬಾಳ್ಯಾನ್ನ ಸುಟ್ಟಾರ," ಎಂದಳು. ಅಪ್ಪನ ಎದುರು, ಮಾವನ ಎದುರು ಹೇಳುವಾಗ ಆ ಮಾತು ಸೋಮವಾರಕ್ಕಿಂತ ದೊಡ್ಡದಾಗಿ ಕೇಳಿಸಿತು.

ಲಗಮಪ್ಪ ತುತ್ತು ಹಾಗೆಯೇ ಹಿಡಿದು ಹೆಂಡತಿಯನ್ನು ನೋಡಿದ.

"ಈಕಿ ಆಣಿ ಹಾಕ್ಯಾಳ," ಎಂದಳು ಮೂಲೆಯಿಂದ ಹಣಮವ್ವ. "ಇಲ್ಲಾಂದ್ರ ನಾ ಬುಧವಾರನ ಹೇಳ್ತಿದ್ದೆ. ಏನ ಅಂತ ಈಗೂ ಹೇಳೂದಿಲ್ಲ. ಆದ್ರ ಹೇಳೂದ ಐತಿ."

ಅಡುಗೆಮನೆಯಲ್ಲಿ ಹಾಲು ಉಕ್ಕುವ ಸದ್ದಾಯಿತು. ಯಾರೂ ಏಳಲಿಲ್ಲ.

ಶೆಟ್ಟೆವ್ವ ಕೊನೆಗೆ ಕೇಳಿದಳು, "ಬೀಗರ, ಕರೆಂಟ ಅಳಿಯು ಡಬ್ಬಿ ಗಾಡ್ಯಾಗ ಐತೇನ್ರಿ?"

"ಮೀಟರ್ರಾ? ಐತ್ರಿ."

"ತಂದ ಆ ಖೋಲಿಯಾಗ ಹಚ್ಚಿ ನೋಡ್ರಿ."

ಈಶ್ವರ ಕೈ ತೊಳೆದು ಮೀಟರ್ ತಂದ. ಗೂಡಿನ ಪಕ್ಕದ ಪ್ಲಗ್ಗಿಗೆ ಹಚ್ಚಿದ. ಹುಬ್ಬು ಏರಿಸಿದ. "ಎರಡ ನೂರಾ ಐವತ್ತೆಂಟ ವೋಲ್ಟು. ಇಷ್ಟ ಇರಬಾರದ್ರಿ."

"ಇವತ್ತ ವಸ್ತಿ ಇರ್ರಿ. ನಾಳಿ ಮುಂಜಾನಿ ಪಾಳಿ ಬದ್ಲಾಕ್ಕೈತಿ. ಪಂಪ ಚಾಲೂ ಆದ ಮ್ಯಾಲ ಮತ್ತ ಹಚ್ಚರಿ. ಆಮ್ಯಾಲ ನಿಮ್ಮ ಮಗಳನ್ನ ಒಯ್ಯರಿ, ಬಿಡ್ರಿ, ನಾ ಕೇಳೂದಿಲ್ಲ."

ಶೈಲಾ ಮೀಟರಿನ ಅಂಕಿಯನ್ನು ನೋಡಿದಳು, ಉರಿಯುತ್ತಿದ್ದ ಅರವತ್ತರ ಬಲ್ಬನ್ನು ನೋಡಿದಳು. ಈಗ ಅವಳಿಗೆ ಹೋದ ವಾರದ ಇಪ್ಪತ್ತೊಂದು ನೆನಪಾಯಿತು. ಅಲ್ಲೇ ಜೋಳದ ಚೀಲದ ಮೇಲೆ ಕೂತಳು.

ಉಳಿದವರು ಹೊರಗೆ ಹೋದ ಮೇಲೆ ಕೇಳಿದಳು. "ಬುಧವಾರದಿಂದ ಗೊತ್ತಿತ್ತೇನ್ರಿ ನಿಮಗ?"

"ಹ್ಞೂಂ."

"ಹೇಳಬಾರದಿತ್ತೇನ್ರಿ?"

"ನೀ ಕೇಳಿದ್ರ ಹೇಳ್ತಿದ್ದೆ. ನೀ ನನ್ನ ಕೇಳಲಿಲ್ಲ. ನೀ ನನಗ ಹೇಳಿದಿ, ನೀವ ಸುಟ್ಟೀರಿ ಅಂತ."

"ಅಷ್ಟರಾಗ ಅಂವ ಸತ್ತಿದ್ರ?"

ಶೆಟ್ಟೆವ್ವ ಸೆರಗಿನಿಂದ ಗೂಡಿನ ಮೂಲೆಯ ದೂಳು ಒರೆಸಿದಳು. "ಸಣ್ಣ ಬಲ್ಬ ಹಾಕಿದ್ದಿ. ನೋಡಿದ್ದೆ."

"ಯಾವಾಗ ನೋಡಿದ್ರಿ?"

"ದಿನಾ. ನೀ ಜಳಕಕ್ಕ ಹೋದಾಗ."

ಶೈಲಾ ತಲೆ ತಗ್ಗಿಸಿದಳು. ತಪ್ಪಾಯಿತು ಎಂದು ಅಂದಳೋ ಇಲ್ಲವೋ, ಹೊರಗೆ ಕುರಿಗಳ ಸದ್ದಿನಲ್ಲಿ ತಿಳಿಯಲಿಲ್ಲ. ಶೆಟ್ಟೆವ್ವ ಹಾಲಿನ ಪಾತ್ರೆ ಇಳಿಸಲು ಹೋದಳು. ಅರ್ಧ ಹಾಲು ಒಲೆಗೆ ಹೋಗಿತ್ತು. ಆ ರಾತ್ರಿಯೂ ಅವಳು ತನ್ನ ರೊಟ್ಟಿಯನ್ನು ತಾನೇ ಬಡಿದುಕೊಂಡಳು.

ಸೋಮವಾರ ಎಂಟಕ್ಕೆ ಪಂಪುಗಳು ಒಂದೊಂದಾಗಿ ಶುರುವಾದವು. ಈಶ್ವರ ಮೀಟರ್ ಹಿಡಿದು ನಿಂತಿದ್ದ. ಇನ್ನೂರ ಮೂವತ್ತು. ಇನ್ನೂರ ಐದು. ಅಶೋಕನ ಪಂಪೂ ಸೇರಿದಾಗ ನೂರಾ ಎಪ್ಪತ್ತೆರಡು. ಗೂಡಿನ ಮೇಲಿನ ಬಲ್ಬು ಕೆಂಪಗಾಯಿತು. ಬಾಳ್ಯಾ ಮೈ ಕಂದು ಮಾಡಿಕೊಂಡು, ಬೆನ್ನಿನ ಗಾಯದ ಸಮೇತ, ಬಿಸಿ ಹುಡುಕುತ್ತ ಜಾಳಿಗೆಗೆ ಅಂಟುವಷ್ಟು ಮೇಲೆ ಹತ್ತತೊಡಗಿದ.

"ನೋಡ್ರಿ," ಎಂದಳು ಶೆಟ್ಟೆವ್ವ ಬೀಗನಿಗೆ. "ಹಿಂಗ ಮ್ಯಾಲ ಹತ್ತಿ ಕುಂತಿರತೈತಿ. ಪಂಪ ನಿಂತ ಸೋಮವಾರನೂ ಅದ ರೂಢೀಲೆ ಹತ್ತಿ ಬೆನ್ನ ಸುಟ್ಟಕೊಂಡೈತಿ."

ಈಶ್ವರ ಮಗಳ ಕಡೆ ತಿರುಗಿದ. "ಟ್ರಂಕ ಎತ್ತಲೇನು?"

ಶೈಲಾ ಪೆಟ್ಟಿಗೆಯಿಂದ ಇನ್ನೂರರ ಬಲ್ಬು ತೆಗೆದಳು. ಅದನ್ನು ಅತ್ತೆಯ ಮುಂದೆ ಚಾಚಿದಳು.

"ನೀವ ಹಾಕ್ರಿ ಅತ್ತಿ. ಪಾಳಿ ನಿಮಗ ಗೊತ್ತಿರತೈತಿ. ಯಾವ ವಾರ ಯಾವ ಬಲ್ಬ, ಎಷ್ಟ ಎತ್ತರ, ನೀವ ನೋಡಕೊಳ್ರಿ."

ಶೆಟ್ಟೆವ್ವ ಕೈ ಮುಂದೆ ಮಾಡಲಿಲ್ಲ. "ಪಂಪ ನಡುವ ಟ್ರಿಪ್ ಆಗತಾವ. ನನಗೂ ಒಮ್ಮೆ ತಪ್ಪತೈತಿ. ಮತ್ತ ಸುಟ್ರ?"

"ಮೊದಲ ಕೇಳ್ತೇನ್ರಿ," ಎಂದಳು ಶೈಲಾ.

ಈಶ್ವರ ಮೀಟರಿನ ವಾಯರು ಸುತ್ತಿಕೊಳ್ಳುತ್ತ ಹೊರಗೆ ನಡೆದ. ಟ್ರಂಕನ್ನು ದಾಟಿ ಹೋಗಿ ಖಾಲಿ ಟೆಂಪೋ ತಿರುಗಿಸಿದ.

ಶೆಟ್ಟೆವ್ವ ಬಲ್ಬು ತೆಗೆದುಕೊಂಡು, ಸೆರಗು ಸಿಕ್ಕಿಸಿ, ಸ್ಟೂಲ್ ಹತ್ತಿದಳು. ಬಲ್ಬು ಹಾಕಿ ಉರಿಸಿ, ಇಳಿದು ಬಂದು, ಗೂಡಿನೊಳಗೆ ಕೈ ಇಟ್ಟು, ಮುಂಗೈಯನ್ನು ಬಾಳ್ಯಾನ ಪಕ್ಕದಲ್ಲೇ ಜಾಳಿಗೆಯ ಕೆಳಗೆ ಹಿಡಿದು ಬಹಳ ಹೊತ್ತು ನಿಂತಳು.

"ಟೊಂಗಿ ಕೆಳಗ ಕಟ್ಟಿ ಏನ ಉಪಯೋಗ? ಅಂವ ಮ್ಯಾಲ ಹತ್ತಾಂವ. ದೀಪಾನ ಮ್ಯಾಲ ಎತ್ತಬೇಕು," ಎಂದಳು. "ಹಗ್ಗ ತಾ. ಹಂಗ ಅಜ್ಜಿಗೆ ಚಹಾ ಮಾಡು. ನನಗೂ ಇಡು."